ಸಿನಿಮಾ ದೀಪಕ್ಕ ಕಾದ ಹಲಗಿ

ಮಸ್ಕಿ ಮುಗಿಸಿ ಟೆಂಟ್ ಸಿನಿಮಾ ಸಿಂಧನೂರಿಗೆ ಬಂತಂದ್ರ, ಸುತ್ತಲಿನ ಹಳ್ಳಿ ತಿರುಗಿ ಹಲಗಿ ಬಡಿದು ಮಂದೀನ ಕರಿಯೋರು ನಮ್ಮ ಮನಿಯಾವ್ರು. ನಮ್ಮ ಒಲಿ ಹೊತ್ತೋದು ಅದರ ಮ್ಯಾಲೇ. ಆದ್ರ ಒಂದಿನಾನೂ ಟೆಂಟಿನ ಒಳಗ ಹೋದೋರಲ್ಲ. ನಮ್ಮ ಹಲಗಿ ಬಾಗಿಲ ತನಕ ಬೇಕು, ಒಳಗ ಬ್ಯಾಡ. ನೆನಸಿಕೊಂಡ್ರ ಈಗೂ ನನಗ ಮೈ ಉರಿತೈತಿ.

ಕಾಲುವಿ ತೋಡಾಕತ್ತಿದ್ದ ಕಾಲ. ಆ ಸಂಜಿ ಕೂಲಿ ಮಂದಿ ಟೆಂಟ್ ತುಂಬ ಕುಂತಿತ್ತು. ಕಾಡಿನ ಚಿತ್ರ, ದೇಶದೇಶದ ಡೋಲು, ನಗಾರಿ ಕೂಡಿಸಿ ಅದಕ್ಕ ಸಂಗೀತ ಮಾಡ್ಯಾರ ಅಂತ ನಮ್ಮಾವ್ರೇ ಸಾಲಗುಂದದ ತನಕ ಸಾರಿ ಬಂದಿದ್ರು. ಚಿತ್ರ ಸುರುವಾತು, ಮಷೀನಿನ ದನಿ ಬಿದ್ದುಹೋತು. ಕುದುರಿ ಓಡಾಕತ್ತಾವ, ಸಪ್ಪಳಿಲ್ಲ. ಮಂದಿ ಕಂಬ ಕೀಳಾಕ ಎದ್ರು. ಬಾಗಿಲ ಹೊರಗ ನಿಂತಿದ್ದ ನಮ್ಮಿಬ್ಬರ ಕಡೆ ಟೆಂಟಿನ ಸಾವ್ಕಾರ್ರು ಓಡಿಬಂದು, ಪಡದೆ ಮಗ್ಗಲ ನಿಂತು ಬಾರಿಸು ಅಂತ ನಮ್ಮಾವ್ರಿಗೆ ಹೇಳಿ, ಇಲ್ಲಂದ್ರ ನಾಳಿಂದ ನೀನೂ ಬ್ಯಾಡ, ನಿನ್ನ ಹಲಗೀನೂ ಬ್ಯಾಡ ಅಂದ್ರು.

ಬಾರಿಸೋದು ಹೆಂಗ? ಮಧ್ಯಾಹ್ನ ಅಕಾಲ ಮಳಿ ಬಿದ್ದು ಹಲಗಿ ಚರ್ಮ ಸಡ್ಲಾಗಿತ್ತು. ಬಡದ್ರ ಒದ್ದಿ ಗೋಣಿಚೀಲ ಬಡದಂಗ. ಕಾಸಿ ಚರ್ಮ ಬಿಗಿ ಮಾಡಾಕ ನಾ ಹುಲ್ಲು ಕೂಡಿಸಿ ಕಡ್ಡಿ ಗೀರಿದೆ. ಸಾವ್ಕಾರ್ರು ತುಳಿದು ಆರಿಸಿದ್ರು. ರೀಲಿಗೆ ಒಂದು ಕಿಡಿ ಬಿದ್ರ ಟೆಂಟೇ ಬೂದಿ ಅಂತ. ಬೆಂಕಿ ಕಾಣದ ಹಲಗಿ ಮಾತಾಡ್ತೈತೇನ್ರೀ ಅಂತ ನಾನೂ ಬಿಡಲಿಲ್ಲ, ಜಗಳಕ್ಕ ನಿಂತೆ.

ಮಷೀನ್ ನಡಸೋ ಸಾಬರು ಜಗಳ ಕೇಳಿ ತಮ್ಮ ಕೋಣಿ ಬಾಗಿಲಿಗೆ ಬಂದು ಎರಡೂ ಕೈ ಚಾಚಿದ್ರು.

"ಇಲ್ಲಿ ಕೊಡವ್ವ. ಈ ದೀಪದ ಪೆಟಗಿ ಮ್ಯಾಲ ನಾ ದಿನಾ ಚಾ ಕಾಸ್ತೀನಿ."

ನಮ್ಮ ಹಲಗೀನ ಹಂಗ ಎರಡು ಕೈಲೆ ಇಸ್ಕೊಂಡೋರನ್ನ ನಾ ಅವತ್ತೇ ನೋಡಿದ್ದು.

ಚಿತ್ರ ತೋರಿಸೋ ದೀಪದ ಕಾವಿಗೇ ಹಲಗಿ ಕಾದು ಖಣ್ ಅಂತು. ಎಂದೂ ನೋಡದ ಚಿತ್ರಕ್ಕ ನಮ್ಮಾವ್ರು ನಿಂತಲ್ಲೇ ಬಡಿತ ಹೆಣೆದ್ರು. ಕುದುರಿಗೆ ಮೊಹರಂ ಕುಣಿತದ್ದು. ನಾಯಕ ಬಿದ್ದಾಗ ಹೆಣದ ಮುಂದಿಂದು. ಹೆಣ್ಮಕ್ಕಳು ಸೆರಗು ಬಾಯಿಗಿಟ್ಟು ಅಳಾಕತ್ರು. ಅಷ್ಟರಾಗ ಆ ಪುಣ್ಯಾತ್ಮ ಎದ್ದು ಕುಂತ! ನಮ್ಮಾವ್ರ ಕೈ ಒಂದು ಗಳಿಗಿ ತಡಿತು, ಆಮ್ಯಾಲ ಮದುವಿ ಬಡಿತಕ್ಕ ಹೊಳ್ಳಿತು. ಇಡೀ ಟೆಂಟ್ ನಗಾಡಕೋತ ಎದ್ದು ಕುಣಿತು. ಯವ್ವಾ, ನನಗ ಮೈ ಜುಮ್ಮಂತು. ನನ್ನ ಗಂಡನ ಕೈಯಾಗ ಇಷ್ಟೆಲ್ಲಾ ಐತಿ ಅಂತ ನನಗೇ ಗೊತ್ತಿರಲಿಲ್ಲ.

ಮರುದಿನ ಲಿಂಗಸುಗೂರಿನಿಂದ ಸಾಮಾನು ಬಂದು ಮಷೀನು ರಿಪೇರಿ ಆತು. ಸಾವ್ಕಾರ್ರು ತಾವಾಗೇ ಕರೆದು ನಮ್ಮಿಬ್ಬರನ್ನ ಒಳಗ ಕುಂದ್ರಿಸಿದ್ರು. ಚಿತ್ರದ ಖರೇ ಸಂಗೀತ ಬಂತು. ಯಾವ್ಯಾವ ದೇಶದ ಡೋಲೋ ಏನೋ, ಕುಂತ ನೆಲ ನಡುಗತಿತ್ತು. ನಮ್ಮಾವ್ರು ಕಣ್ಣು ಮುಚ್ಚಿ ಕುಂತಿದ್ರು. ಒಳಗ ಬಂದ ಮ್ಯಾಲರ ನೋಡ್ರೀ ಅಂತ ತಿವಿದೆ. ಕಣ್ಣು ತೆಗೀಲಿಲ್ಲ.

"ಆ ಡೋಲಿನವ್ರೂ ಚರ್ಮ ಬೆಂಕಿಗೆ ಹಿಡಿದೇ ಬಾರಿಸ್ಯಾರ ಬೇ," ಅಂದ್ರು. "ಹಂಗಾರ ಅಲ್ಲೂ ನಮ್ಮಂಥೋರು ಅದಾರ."