ಎರಡು ಬನ್ನಿಗಿಡದ ಊರು

ಎಂಬತ್ತೆರಡನೆಯ ಇಸವಿಯ ದಸರೆಯ ಬೆಳಿಗ್ಗೆ ಬಾಗಲಕೋಟೆಯಲ್ಲಿ ಬಸ್ಸು ಹತ್ತಿದೆ. ಕಮತಗಿ ದಾಟುವಾಗ ಎರಿಹೊಲಗಳಿಂದ ಹಸಿಮಣ್ಣಿನ ವಾಸನೆ ಬರುತ್ತಿತ್ತು. ಜೋಳ ಬಿತ್ತುವ ಹದ. ಅಮೀನಗಡದಲ್ಲಿ ಬಸ್ಸು ನಿಂತಾಗ ತಂಗಿ ಕಾಶವ್ವನಿಗೆಂದು ಕರದಂಟು ಕೊಂಡೆ. ಹುನಗುಂದದಾಚೆ, ಇಳಕಲ್ಲಿನ ದಾರಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ಅವಳ ಊರು. ಊರ ಅಗಸಿಬಾಗಿಲಲ್ಲಿ ಪೊಲೀಸ್ ವ್ಯಾನು ನಿಂತಿತ್ತು.

ಆ ಊರಲ್ಲಿ ಗೌಡರದೊಂದು ಪಾರ್ಟಿ, ದೇಸಾಯರದೊಂದು. ಚುನಾವಣೆಯಿಂದ ಹತ್ತಿದ ಜಗಳಕ್ಕೆ ಆಗಲೇ ಎರಡು ಹೆಣ ಬಿದ್ದಿದ್ದವು. ಕಾಶವ್ವನ ಗಂಡ ಬಸಪ್ಪ, ಅವನ ಅಣ್ಣ ಸಂಗಪ್ಪ, ಇಬ್ಬರೂ ಮೊದಲಿನಿಂದ ದೇಸಾಯರ ಕಡೆಯವರು. ಹೋದ ತಿಂಗಳು ಬಸಪ್ಪ ಗೌಡರ ಕಡೆ ಹೋಗಿದ್ದ. ಮನೆ ಮುಟ್ಟಿದ ಮೇಲೆ ಯಾಕೆಂದು ಅವನನ್ನೇ ಕೇಳಿದೆ.

"ನಮ್ಮ ಹೊಲದ ದಾರಿ ಗೌಡರ ಹೊಲದಾಗಿಂದ ಐತ್ರಿ. ಕೊಡ್ಲಿ ಹಿಡಕೊಂಡು ನಿಂತಿದ್ರು. ಏನ ಮಾಡ್ಲಿ ಹೇಳ್ರಿ?"

ನನಗೆ ಸಿಟ್ಟು ಬಂದಿತ್ತು.

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು ವೈರಿಗಳೂ ಮಾತಾಡಬೇಕು. ಇಲ್ಲಿ ಪಾರ್ಟಿಗೊಂದು ಬನ್ನಿಗಿಡ. ಯಾವ ಗಿಡಕ್ಕೆ ಹೋದೆಯೋ ಆ ಕಡೆಯವನು. ಹಬ್ಬವನ್ನೂ ಕೆಡಿಸಿಕೊಂಡು ಕೂತಿದ್ದರು ಪುಣ್ಯಾತ್ಮರು.

ಮುಚ್ಚಂಜೆಗೆ ಸಂಗಪ್ಪ ಒಬ್ಬನೇ ತಮ್ಮನ ಮನೆಗೆ ಬಂದ. ಬಸಪ್ಪ ಎಲೆ ಕೊಟ್ಟು ಕಾಲು ಮುಟ್ಟಿದ.

"ಬನ್ನಿ ತಗೊಂಡು ಬಂಗಾರದಂಗ ಇರೂಣು, ಅಣ್ಣಾ."

ಸಂಗಪ್ಪ ಎಲೆಯನ್ನು ಕಣ್ಣಿಗೊತ್ತಿಕೊಂಡ. "ತಮ್ಮಾ, ಇನ್ನ ಹೊಲಕ್ಕ ಒಬ್ಬನ ಹೋಗಬ್ಯಾಡ. ನಮ್ಮ ದೇಸಾಯರ ಮಂದಿ ನಿನ್ನ ಮ್ಯಾಲ ಬರ್ತಾರ."

"ಯಾರ್ಯಾರು?"

"ನನ್ನೂ ಕರದಾರ. ಒಲ್ಲೆ ಅಂದ್ರ ನನ್ನ ಮನಿಗಿ ಬರ್ತಾರ."

ಮರುದಿನ ಗಂಡ ಹೆಂಡತಿ ಇಬ್ಬರನ್ನೂ ಬಾಗಲಕೋಟೆಗೆ ಬನ್ನಿರೆಂದು ಅಂಗಲಾಚಿದೆ. "ಬಿತ್ತಾವ್ರು ಯಾರ್ರಿ?" ಎಂದು ಬಸಪ್ಪ ಎತ್ತು ಬಿಚ್ಚಿದ.

"ಗೌಡರ ಮಂದಿ ಸಂಗಡ ಬರೂದಿಲ್ಲೇನು?" ಎಂದೆ.

"ಅವರು ನನ್ನ ಇನ್ನೂ ನಂಬಿಲ್ರಿ."

ಕಾಶವ್ವ ಬುತ್ತಿ ಕಟ್ಟುತ್ತಿದ್ದಳು. "ನೀನರ ಬಾರವ್ವಾ" ಎಂದೆ.

"ಹೆಂಗಸು ಜೋಡಿ ಇದ್ರ ಕೈ ಮಾಡೂದಿಲ್ಲಂತ, ಅಣ್ಣಾ" ಎಂದಳು.

ಡಾಂಬರು ರಸ್ತೆಯವರೆಗೆ ಮೂವರೂ ಜೊತೆಗೆ ಬಂದೆವು. ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ಹಿಂದೆ ನೋಡಿದೆ. ಹಾದಿಯಲ್ಲಿ ಯಾವತ್ತೂ ಗಂಡನ ಹಿಂದೆಯೇ ನಡೆಯುತ್ತಿದ್ದ ನನ್ನ ತಂಗಿ, ಬುತ್ತಿ ಹೊತ್ತು, ಎತ್ತುಗಳಿಗಿಂತಲೂ ಮುಂದೆ ನಡೆಯುತ್ತಿದ್ದಳು.