ಗೇಣು ಟೈಲರ್‌ನ ಏಳು ಟ್ರಯಲ್

ಗೇಣು ಟೈಲರ್ ಎಂದು ಕರೆದರೆ ಅವನಿಗೇನೂ ಬೇಜಾರಿರಲಿಲ್ಲ. ಮನುಷ್ಯ ಇದ್ದದ್ದೇ ಅಷ್ಟು. ಬಸ್ಸಿನ ಸೀಟಿನಲ್ಲಿ ಕೂತರೆ ಕಾಲು ಗಾಳಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಕೂತರೂ ಗಾಳಿಯಲ್ಲಿ. ಅದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ. ಅವನ ಸಂಕಟ ಒಂದೇ: ಹೆಂಡತಿ ಅವನಿಗಿಂತ ಒಂದು ತಲೆ ಎತ್ತರ. ಜೋಡಿಯಾಗಿ ರಸ್ತೆಗಿಳಿದರೆ ಎದುರಿಗೆ ಬಂದವರು ಮೊದಲು ಅವಳನ್ನು ನೋಡಿ, ಆಮೇಲೆ ಇವನನ್ನು ಹುಡುಕಿ, ಕಿಸಕ್ಕೆಂದು ನಗುತ್ತಿದ್ದರು. ಇಪ್ಪತ್ತೆರಡು ವರ್ಷ ಆ ನಗು ನುಂಗಿದ್ದ ಪುಣ್ಯಾತ್ಮ.

ಅಂಗಡಿ ಊರಿನ ಆ ತುದಿಗೆ ಹೋದ ಮೇಲೆ ಗಾಡಿ ಬೇಕೇ ಬೇಕಾಯಿತು. "ಸುಮ್ನೆ ಒಂದು ಸ್ಕೂಟರ್ ತಗೊಳ್ಳಿ ಭಾವ" ಅಂದ ಹೆಂಡತಿಯ ತಮ್ಮ. ಇವನಿಗೆ ಗಾಡಿ ಓಡಿಸಲು ಕಲಿಸಿ ಲೈಸೆನ್ಸ್ ಕೊಡಿಸಿದವನು ಅವನೇ. ಇವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬೈಕೇ ಆಗಬೇಕು, ಹಿಂದೆ ಹೆಂಡತಿ ಕೂರಬೇಕು, ಇಬ್ಬರ ತಲೆಯೂ ಒಂದೇ ಮಟ್ಟದಲ್ಲಿರಬೇಕು, ಹಾಗೆ ಒಮ್ಮೆಯಾದರೂ ಪೇಟೆಬೀದಿಯಲ್ಲಿ ಹಾದುಹೋಗಬೇಕು. ಇದು ಅವನು ಯಾರಿಗೂ ಬಾಯಿಬಿಟ್ಟು ಹೇಳದ ಆಸೆ.

ಶೋರೂಮಿನಲ್ಲಿ ಮೊದಲನೇ ಬೈಕು ಹತ್ತಿದ. ಕಾಲು ನೆಲಕ್ಕೆ ಸಿಗದೆ, ಬೈಕಿನ ಸಮೇತ ಸೇಲ್ಸ್‌ಮನ್ನನ ಎದೆಗೆ ಒರಗಿದ. ಎರಡನೆಯದರಲ್ಲೂ ಅದೇ ಕತೆ. ಆಮೇಲೆ ಮೂಲೆಯಲ್ಲಿದ್ದ ಕ್ರೂಸರ್ ಕಣ್ಣಿಗೆ ಬಿತ್ತು. ತಗ್ಗು ಸೀಟು, ಅಗಲ ಹ್ಯಾಂಡಲ್, ಕಾಲು ಚಾಚಿ ಮಲಗಿದ ಎಮ್ಮೆಯಂಥ ಮೈಕಟ್ಟು. ಹತ್ತಿ ಕೂತ. ಎರಡೂ ಪಾದ ಪೂರ್ತಿ ನೆಲಕ್ಕೂರಿದವು. ಅಬ್ಬಬ್ಬಾ, ಅವನ ಕಣ್ಣಲ್ಲಿ ನೀರೇ ಬಂತು.

"ಬುಕ್ ಮಾಡ್ಲಾ ಸಾರ್?" ಅಂದ ಸೇಲ್ಸ್‌ಮನ್.

"ಟ್ರಯಲ್ ನೋಡ್ದೆ ಯಾರ್ರೀ ತಗೋತಾರೆ?"

ಟ್ರಯಲ್ ಅಂದರೆ ಒಂದು ಸುತ್ತು ಹೊಡೆಯುವುದು ಎಂದುಕೊಂಡು ಸೇಲ್ಸ್‌ಮನ್ ಕೀಲಿ ತಂದ. ಟೈಲರ್ ಜೇಬಿನಿಂದ ಟೇಪು ತೆಗೆದ. ಪ್ಯಾಂಟಿನ ಅಳತೆಯನ್ನು ನಿಂತೇ ತೆಗೆಯಬೇಕು ಎನ್ನುವುದು ಅವನ ಮೂವತ್ತು ವರ್ಷದ ಕಸುಬಿನ ಪಾಠ. ಹಾಗೇ ನಿಂತುಕೊಂಡು ತನ್ನ ಕಾಲು ಅಳೆದ, ಸೀಟಿನ ಎತ್ತರ ಅಳೆದ. ಎರಡೂ ತಾಳೆಯಾದವು. ಆದರೆ ಕ್ರೂಸರಿನಲ್ಲಿ ಕಾಲಿಡುವ ಜಾಗ ಕೆಳಗಿರುವುದಿಲ್ಲ, ಮುಂದಿರುತ್ತದೆ. ಕೂತು ಕಾಲು ಚಾಚಿದರೆ ನಾಲ್ಕಿಂಚು ಕಡಿಮೆ!

"ಇದನ್ನ ನಾಲ್ಕಿಂಚು ಹಿಂದಕ್ಕೆ ತಗೊಂಡುಬಿಡಿ."

"ಸಾರ್, ಅದು ಕಬ್ಬಿಣ."

"ಮಾರ್ಜಿನ್ ಬಿಟ್ಟಿರ್ತಾರಲ್ರೀ, ಬಿಚ್ಚಿ ನೋಡಿ."

"ಬೈಕಿಗೆ ಹೊಲಿಗೆ ಇರಲ್ಲ ಸಾರ್!"

"ಹೊಲಿಗೇನೇ ಇಲ್ಲ ಅಂದ್ಮೇಲೆ ಯಾವ ಧೈರ್ಯದ ಮೇಲೆ ಕೂರೋದು?"

ಎರಡನೇ ಟ್ರಯಲ್‌ಗೆ ಬೆನ್ನಿಗೆ ಚಿಂದಿ ತುಂಬಿದ ದಿಂಬು ಕಟ್ಟಿಕೊಂಡು ಬಂದ. ಕಾಲೇನೋ ಮುಂದೆ ಹೋಯಿತು, ಹೊಟ್ಟೆ ಟ್ಯಾಂಕಿಗೆ ಒತ್ತಿತು. ಮೂರನೆಯದಕ್ಕೆ ಬೂಟಿಗೆ ಮೂರಿಂಚಿನ ಅಟ್ಟೆ ಹೊಡೆಸಿಕೊಂಡು ಬಂದ. ಕಾಲು ಸಿಕ್ಕಿತು, ಗೇರ್ ಬಿದ್ದದ್ದು ಮಾತ್ರ ಅವನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಸೇಲ್ಸ್‌ಮನ್ನನ ಜೋಲು ಪ್ಯಾಂಟಿನ ಮೇಲೆ ಬಿದ್ದಿತ್ತು. ಐದನೇ ಟ್ರಯಲ್ ಹೊತ್ತಿಗೆ ಶೋರೂಮಿನವರೆಲ್ಲ ಸಾಲಾಗಿ ನಿಂತು ಅಳತೆ ಕೊಡುತ್ತಿದ್ದರು. ಆರನೇ ಟ್ರಯಲ್ ದಿನ, ಬೈಕು ಕೊಳ್ಳಲು ಬಂದ ಪಾಪದ ಗಿರಾಕಿಯೊಬ್ಬ, ಮ್ಯಾನೇಜರ್ ಎರಡೂ ಕೈ ಮೇಲೆತ್ತಿ ನಿಂತಿದ್ದು ಕಂಡು ದರೋಡೆ ಅಂದುಕೊಂಡು ಓಡಿಹೋದ.

ಏಳನೆಯ ಸಲ ತೆಳ್ಳನೆ ದಿಂಬು, ಒಂದಿಂಚಿನ ಅಟ್ಟೆ. ಅಂಗಳದಲ್ಲಿ ಮೂರು ಸುತ್ತು ಓಡಿಸಿಯೇಬಿಟ್ಟ! ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಡಲೇ ಹೆಂಡತಿಗೆ ಫೋನ್ ಹೋಯಿತು. ಅಂಚೆ ಕಚೇರಿಯ ಕೌಂಟರಿನಲ್ಲಿದ್ದ ಅವಳನ್ನು ಊಟದ ಬಿಡುವಿನಲ್ಲಿ ತಮ್ಮ ಕರೆತಂದ.

ಅವಳು ಹಿಂದೆ ಹತ್ತಿ ಕೂತಳು. ಟೈಲರ್ ಆಸೆಯಿಂದ ಎದುರಿನ ಗಾಜಿನ ಗೋಡೆ ನೋಡಿದ. ಎಲ್ಲವನ್ನೂ ಅಳೆದಿದ್ದ ಮಹಾನುಭಾವ ಹಿಂದಿನ ಸೀಟು ಮಾತ್ರ ಅಳೆದಿರಲಿಲ್ಲ. ಅದು ಮುಂದಿನದಕ್ಕಿಂತ ಎತ್ತರ. ಗಾಜಿನಲ್ಲಿ ಅವನ ತಲೆ ಅವಳ ಗಲ್ಲಕ್ಕಿಂತಲೂ ಕೆಳಗಿತ್ತು.

"ಅಕ್ಕ ನಿಮ್ಮನ್ನ ಮಡಿಲಲ್ಲಿ ಕೂರಿಸ್ಕೊಂಡ ಹಾಗಿದೆ ಭಾವ" ಎಂದು ಅವಳ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಟೈಲರನ ಮುಖ ಸಪ್ಪಗಾಯಿತು. ಸೇಲ್ಸ್‌ಮನ್ ಮೆಲ್ಲಗೆ, "ಹಿಂದಿನ ಸೀಟು ತಗ್ಗಿರೋ ಮಾಡೆಲ್ ಇನ್ನೊಂದಿದೆ ಸಾರ್. ಇಬ್ರೂ ಸಮ ಕಾಣ್ತೀರಿ" ಅಂದ.

"ಅದನ್ನೇ ತೋರ್ಸಿ" ಎಂದು ಟೈಲರ್ ಇಳಿಯಹೋದ. ಹೆಂಡತಿ ಅಲುಗಲಿಲ್ಲ.

"ಒಂದ್ನಿಮಿಷ ಇರ್ರೀ. ನೆಟ್ಟಗೆ ಕೂತು ಎಷ್ಟು ವರ್ಷ ಆಯ್ತೋ ಏನೋ."

"ಅಂದ್ರೆ?"

"ನಿಮ್ ಪಕ್ಕ ಬಗ್ಗಿ ಬಗ್ಗಿ ನಡೆದು ಅದೇ ರೂಢಿ ಆಗೋಗಿದೆ. ಇಲ್ಲಿ ನಾನು ಎತ್ತರ ಕಂಡ್ರೆ ತಪ್ಪು ಗಾಡೀದು, ನಂದಲ್ಲ."

ಅವಳು ನಗುನಗುತ್ತಲೇ ಹೇಳಿದ್ದು. ಅವನಿಗೆ ಮಾತ್ರ ತನ್ನ ಕತ್ತರಿ ನೆನಪಾಯಿತು. ಅವಳ ಬಟ್ಟೆ ಕತ್ತರಿಸುವಾಗೆಲ್ಲ ಬಾಗಿದ ಬೆನ್ನಿಗೆಂದು ಅರ್ಧ ಇಂಚು ಹೆಚ್ಚು ಬಿಡುತ್ತಿದ್ದ. ಹುಟ್ಟಾ ಅವಳ ಬೆನ್ನೇ ಹಾಗೆ ಎಂದು ನಂಬಿದ್ದ. ಇಡೀ ಊರಿನ ಮೈ ಅಳೆದವನು ಮನೆಯಲ್ಲಿ ಇದೊಂದನ್ನು ಕಾಣದೆ ಹೋಗಿದ್ದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಸಾರ್, ಆ ಮಾಡೆಲ್..."

"ಬೇಡ. ಇದೇ."

ಶನಿವಾರ ಹಾಡಹಗಲಲ್ಲಿ ಇಬ್ಬರೂ ಪೇಟೆಬೀದಿಗೆ ಹೊರಟರು. ಜನ ನಕ್ಕರು, ಮೊದಲಿಗಿಂತ ಜೋರಾಗಿಯೇ ನಕ್ಕರು. ಪಕ್ಕದಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದ ತಮ್ಮನಿಗೇ ಮುಜುಗರವಾಯಿತು. "ಭಾವ, ಎಲ್ರೂ ನೋಡ್ತಿದಾರೆ, ಸ್ವಲ್ಪ ಬೇಗ ಹೋಗಿ."

"ನೋಡ್ಲಿ ಬಿಡೋ. ನಿಮ್ಮಕ್ಕ ಎಷ್ಟು ಎತ್ತರ ಅಂತ ಯಾರಿಗೂ ಗೊತ್ತೇ ಇರ್ಲಿಲ್ಲ" ಎಂದು ಟೈಲರ್ ಗೇರ್ ಇಳಿಸಿ, ಇನ್ನೂ ನಿಧಾನ ಮಾಡಿದ.