ನಡೆಯುವವನು ನಾನು, ನೋಡುವವನು ನಯಾಜ್

ಕನ್ನಡದ ಮೇಷ್ಟ್ರಾಗಿ ಇಷ್ಟು ವರ್ಷ ನಾನು ನಿಷ್ಠೆಯಿಂದ ಮಾಡಿಕೊಂಡು ಬಂದ ಕೆಲಸ ಯಾವುದಾದರೂ ಇದ್ದರೆ, ಅದು ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ಸಿಕ್ಕಸಿಕ್ಕಲ್ಲಿ ನೆಟ್ಟಿರುವ ಆಶ್ಚರ್ಯಸೂಚಕ ಚಿಹ್ನೆಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವುದು. ಉಳಿದ ಪಾಠವೆಲ್ಲ ಗಾಳಿಗೆ ಹೋಯಿತೆಂಬುದು ಅವರ ಉತ್ತರಪತ್ರಿಕೆ ನೋಡಿದರೇ ತಿಳಿಯುತ್ತದೆ. ಅಂಥವನು ಈಚೆಗೊಂದು ದಿನ ಕೋಲಾರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮೌಲ್ಯಮಾಪನದಿಂದ ಹಿಡಿದುಕೊಂಡ ಕತ್ತನ್ನು ನೀವಿಕೊಳ್ಳುತ್ತ ಕೂತಿದ್ದಾಗ, ಫೋನಿನಲ್ಲಿ ಯಾರೋ ಬರೆದಿದ್ದ ಒಂದೇ ಸಾಲಿನ ಕೊನೆಯಲ್ಲಿ ಇಪ್ಪತ್ತಮೂರು ಆಶ್ಚರ್ಯಸೂಚಕಗಳನ್ನು ಎಣಿಸಿದೆ. ಸಾಲು ಇಷ್ಟೇ: ‘ಕೊನೆಗೂ ಬಂತು’. ನಿಮ್ಮ ಹತ್ತಿರ ಮುಚ್ಚಿಡುವುದೇನು, ಎಣಿಸಿ ಮುಗಿಸುವ ಹೊತ್ತಿಗೆ ನನ್ನ ಕಣ್ಣೂ ಒದ್ದೆಯಾಗಿತ್ತು. ಪಕ್ಕದಲ್ಲಿದ್ದ ಅರ್ಥಶಾಸ್ತ್ರದ ಮೇಡಂ ಏನಾಯಿತೆಂದು ಕೇಳಿದ್ದಕ್ಕೆ, ಕನ್ನಡಕದ ಪವರ್ ಬದಲಾಗಿದೆ ಎಂದೆ.

ಬಂದದ್ದು ಒಂದು ವಿಡಿಯೋ ಗೇಮಿನ ಎರಡನೇ ಭಾಗದ ಸುದ್ದಿ. ಸುದ್ದಿ ಮಾತ್ರ, ಭಾಗ ಬರಲು ಇನ್ನೂ ಎರಡು ವರ್ಷ ಬೇಕಂತೆ. ಮೊದಲನೆಯದು ಬಂದಾಗ ನಾನು ಡಿಗ್ರಿಯಲ್ಲಿದ್ದೆ. ಅದರಲ್ಲೊಬ್ಬ ಸೈನಿಕ ಕಾಣೆಯಾದ ತಮ್ಮನನ್ನು ಹುಡುಕುತ್ತ ಪಾಳುಕೋಟೆಗಳನ್ನೆಲ್ಲ ಹೊಕ್ಕು ಹೊರಟು, ಕಟ್ಟಕಡೆಗೆ ಒಂದು ಹೆಬ್ಬಾಗಿಲ ಮುಂದೆ ಬಂದು ನಿಲ್ಲುತ್ತಾನೆ. ಅಲ್ಲಿಂದಾಚೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ, ಏಕೆಂದರೆ ನನ್ನ ರಗಳೆಯೆಲ್ಲ ಅದರದೇ.

ಸುದ್ದಿಯ ಜೊತೆ ಬಿಟ್ಟಿದ್ದ ಎರಡು ನಿಮಿಷದ ಟ್ರೈಲರಿನ ಕೆಳಗೆ ಅಭಿಮಾನಿಗಳ ಜಾತ್ರೆಯೇ ನೆರೆದಿತ್ತು. ಮೊದಲ ಭಾಗ ಆಡುವಾಗ ತನಗೆ ಮೀಸೆ ಬಂದಿರಲಿಲ್ಲ, ಈಗ ಅದಕ್ಕೆ ಬಣ್ಣ ಹಚ್ಚುತ್ತಿದ್ದೇನೆ ಎಂದು ಒಬ್ಬ ಬರೆದಿದ್ದ. ಸೈನಿಕನ ಕೋಟಿನ ಬಣ್ಣ ಬದಲಾದದ್ದಕ್ಕೆ ಇನ್ನೊಬ್ಬ ಕೆಂಡಾಮಂಡಲವಾಗಿ, ಇದನ್ನು ಆಡುವವರು ಮನುಷ್ಯರೇ ಅಲ್ಲ ಎಂದು ಸಾರಿ, ಅದರ ಕೆಳಗೇ ‘ಯಾವ ತಾರೀಕು ಸಿಗುತ್ತೆ’ ಎಂದು ವಿಚಾರಿಸಿದ್ದ. ಜಗತ್ತಿನ ನಾನಾ ಭಾಷೆಗಳ ಆ ಹಾಹಾಕಾರದ ನಡುವೆ ಒಬ್ಬ ಮಹಾನುಭಾವ ಕನ್ನಡದಲ್ಲಿ ‘ಟೇಕಲ್ ಕಡೆಯೋರು ಯಾರಾದ್ರೂ ಇದ್ದೀರಾ?’ ಎಂದು ಕೇಳಿದ್ದ. ಪಾಪ, ಯಾರೂ ಉತ್ತರಿಸಿರಲಿಲ್ಲ. ಹೋಳೂರಿನವನಾದ ನಾನೇ ‘ಪಕ್ಕದ ತಾಲ್ಲೂಕಿನವನಿದ್ದೇನೆ’ ಎಂದು ಬರೆಯಲು ಹೊರಟು, ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎನ್ನಿಸಿ ಸುಮ್ಮನಾದೆ. ಆಸೆಪಡುವುದಕ್ಕೂ ಮೈಯಲ್ಲಿ ಕಸುವಿರಬೇಕು ಸ್ವಾಮಿ; ಸೋಮವಾರದಿಂದ ಶನಿವಾರದವರೆಗೆ ದುಡಿದು ಬಂದ ಶರೀರ ಸಂತೋಷದ ಸುದ್ದಿಗೂ ‘ನಾಳೆ ಬಾ’ ಎಂದುಬಿಡುತ್ತದೆ.

ಅಷ್ಟರಲ್ಲಿ ಮುಳಬಾಗಿಲಿನಿಂದ ನಯಾಜನ ಫೋನ್ ಬಂತು. ನಯಾಜ್ ನನ್ನ ಡಿಗ್ರಿ ಗೆಳೆಯ. ಈಗ ಬಸ್ಸು, ಕಾರುಗಳಿಗೆ ಸೀಟು ಹೊಲಿದುಕೊಡುವ ಅಂಗಡಿ ಇಟ್ಟಿದ್ದಾನೆ.

“ಲೇ ಮೇಷ್ಟ್ರೇ, ಸುದ್ದಿ ನೋಡಿದ್ಯಾ? ಟ್ರೈಲರ್ ನೋಡ್ಬೇಡ ಕಣೋ. ಹಳೇದರ ಕೊನೆ ಅದ್ರಲ್ಲಿ ತೋರಿಸ್ಬಿಟ್ಟವ್ರಂತೆ. ಮೊದ್ಲು ಹಳೇದು ಮುಗಿಸೋಣ ಇಬ್ರೂ ಕೂತ್ಕೊಂಡು. ನೀನೂ ಕೊನೆ ನೋಡಿಲ್ಲ, ನಾನೂ ನೋಡಿಲ್ಲ. ಇಷ್ಟ್ ವರ್ಷ ಯಾರ ಬಾಯಿಂದಾನೂ ಕೇಳಿಲ್ಲ ನಾನು, ಕಿವಿ ಮುಚ್ಕೊಂಡು ಓಡೋಗಿದೀನಿ ಗೊತ್ತಾ?”

ನಾನು ‘ಹೂಂ’ ಎಂದೆ. ಆ ಒಂದು ಅಕ್ಷರ ಶುದ್ಧ ಸುಳ್ಳಾಗಿತ್ತು. ಕೊನೆಯನ್ನು ನಾನು ನೋಡಿದ್ದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗದೆ ವಿಧಿಯಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ನಾವು ಹೋಗುತ್ತಿದ್ದ ಸೈಬರ್ ಸೆಂಟರಿನಲ್ಲಿ ಈ ಆಟದ ಭಾರ ಹೊರಬಲ್ಲ ಕಂಪ್ಯೂಟರು ಇದ್ದದ್ದು ಒಂದೇ, ಮೂಲೆಯದು. ಆದ್ದರಿಂದ ಒಬ್ಬನೇ ಆಡಬೇಕಾದ ಆಟವನ್ನು ನಾವಿಬ್ಬರು ಹಂಚಿಕೊಂಡಿದ್ದೆವು. ಎಡಗಡೆ ನಾನು, ಎಡಗೈಯಲ್ಲಿ ಕೀಬೋರ್ಡು. ಬಲಗಡೆ ನಯಾಜ್, ಬಲಗೈಯಲ್ಲಿ ಮೌಸು. ಕೀಬೋರ್ಡು ಸೈನಿಕನ ಕಾಲು, ಮೌಸು ಅವನ ಕಣ್ಣು; ಹಾಗಾಗಿ ನಡೆಯುವವನು ನಾನು, ನೋಡುವವನು ನಯಾಜ್. ಆಟವನ್ನು ಮಾಡಿದವರ ಉದ್ದೇಶವೇ ಇದು ಎಂದು ನಾವು ಬಹುಕಾಲ ನಂಬಿದ್ದೆವು. ಸದ್ದು ಮಾಡಿದರೆ ಸೆಂಟರಿನವರು ಎಬ್ಬಿಸಿ ಕಳಿಸುತ್ತಿದ್ದುದರಿಂದ ಬಾಯಿ ಬಿಡುವಂತಿರಲಿಲ್ಲ. ಅದಕ್ಕೆ ಉಪಾಯ ಕಂಡದ್ದೂ ನಯಾಜನೇ. ಅವನ ತಾತ ದನದ ಸಂತೆಯಲ್ಲಿ ದಲ್ಲಾಳಿ. ಟವೆಲ್ಲಿನ ಮರೆಯಲ್ಲಿ ಎದುರಿನವರ ಬೆರಳು ಹಿಡಿದು, ತುಟಿ ಬಿಚ್ಚದೆ ಬೆಲೆ ಕುದುರಿಸುತ್ತಿದ್ದವರು. ಅದೇ ವಿದ್ಯೆಯನ್ನು ಮೊಮ್ಮಗ ಇಲ್ಲಿಗೆ ತಂದ. ಮೇಜಿನ ಕೆಳಗೆ ಖಾಲಿಯಿದ್ದ ನನ್ನ ಬಲಗೈಯನ್ನು ಅವನ ಎಡಗೈ ಹಿಡಿದಿರುತ್ತಿತ್ತು: ಒಂದು ಬೆರಳು ಒತ್ತಿದರೆ ನಿಲ್ಲು, ಎರಡಾದರೆ ಓಡು, ಪೂರಾ ಮುಷ್ಟಿಯಾದರೆ ಹಾರು. ನೋಡಿದವರು ಏನಂದುಕೊಂಡರೋ, ದೇವರಿಗೇ ಗೊತ್ತು.

ಹೆಬ್ಬಾಗಿಲಿಗೆ ಇನ್ನೊಂದೇ ಹಂತ ಇದ್ದಾಗ ಆ ತಾತ ತೀರಿಕೊಂಡರು. ನಯಾಜ್ ಊರಿಗೆ ಹೋದ. ‘ನಾನ್ ಬರೋವರ್ಗೂ ಮುಟ್ಬೇಡ ಕಣೋ’ ಎಂದು ಬಸ್ಸಿನ ಕಿಟಕಿಯಿಂದ ಹೇಳಿದ, ನಾನು ತಲೆಯಾಡಿಸಿದೆ. ಒಂದು ವಾರವಾಗುವುದರೊಳಗೆ ಸೆಂಟರಿನವರು ಹಳೆಯ ಕಂಪ್ಯೂಟರುಗಳನ್ನೆಲ್ಲ ತೆಗೆದು ಹೊಸತು ಹಾಕುತ್ತೇವೆಂದರು. ನಾವು ಆಡಿದ್ದೆಲ್ಲ ಅಳಿಸಿಹೋಗುವುದಿತ್ತು. ನನ್ನಿಂದ ತಡೆಯಲಾಗಲಿಲ್ಲ. ಮಾಲೂರಿನ ಮಂಜುನಾಥನೆಂಬ ಸಹಪಾಠಿಯನ್ನು ಕರೆದು ನಯಾಜನ ಕುರ್ಚಿಯಲ್ಲಿ ಕೂರಿಸಿ, ಕೊನೆಯ ಹಂತವನ್ನು ಮುಗಿಸಿಯೇಬಿಟ್ಟೆ. ನಯಾಜ್ ಸಪ್ಪೆ ಮುಖದಲ್ಲಿ ಹಿಂತಿರುಗಿದಾಗ, ‘ಎಲ್ಲಾ ಅಳಿಸಿಹೋಯ್ತು ಕಣೋ, ನಾನೂ ನೋಡ್ಲಿಲ್ಲ’ ಎಂದೆ. ಅವನು ನನ್ನ ಹೆಗಲ ಮೇಲೆ ಕೈಹಾಕಿ ನನಗೇ ಸಮಾಧಾನ ಹೇಳಿದ.

ಈಗ ಫೋನಿನಲ್ಲಿ ‘ಹೂಂ’ ಎಂದ ತಪ್ಪಿಗೆ ಭಾನುವಾರಗಳಂದು, ರಜೆಯಲ್ಲೂ ರಜೆಯಿಲ್ಲದವನಾಗಿ, ನಾನು ಮುಳಬಾಗಿಲಿನ ಬಸ್ಸು ಹತ್ತತೊಡಗಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಯಾಜ್ ಹಳೆಯ ಕಂಪ್ಯೂಟರೊಂದನ್ನು ಸಿದ್ಧಮಾಡಿ, ಅದರ ಮುಂದೆ ಮಿನಿಬಸ್ಸಿನಿಂದ ಕಳಚಿದ ಇಬ್ಬರು ಕೂರುವ ಸೀಟನ್ನು ಇಟ್ಟಿದ್ದ. ಅವನ ಹೆಂಡತಿ ಷಾಹಿದಾ ಆಚೆ ಬದಿಯಲ್ಲಿ ಮಿಷನ್ ತುಳಿಯುತ್ತ ಕವರು ಹೊಲಿಯುತ್ತಿದ್ದರು. ನಮ್ಮಿಬ್ಬರ ಕೈಗಳೂ ನಾಚಿಕೆಯಿಲ್ಲದೆ ಹಳೆಯ ಜಾಗಕ್ಕೇ ಹೋದವು. ಷಾಹಿದಾ ಕಂಡು, “ಅಣ್ಣಾ, ನನ್ ಕೈ ಒಂದಿನಾನೂ ಹಂಗೆ ಹಿಡ್ಕೊಂಡಿಲ್ಲ ಇವ್ರು” ಎಂದು ನಕ್ಕರು.

ನಾಲ್ಕನೇ ಭಾನುವಾರ ಮಧ್ಯಾಹ್ನ ಕೊನೆಯ ಹಂತ ಬಂತು. ಏನೂ ಅರಿಯದವನಂತೆ ಎಡವುತ್ತ ತಡವರಿಸುತ್ತ ನಡೆಯಬೇಕೆಂದು ಬಸ್ಸಿನಲ್ಲೇ ಸಂಕಲ್ಪ ಮಾಡಿಕೊಂಡಿದ್ದೆ. ಆದರೆ ನಾನು ಸುಳ್ಳು ಕಲಿಸಿದ್ದು ಬಾಯಿಗೆ, ಎಡಗೈಗಲ್ಲ. ಹೆಬ್ಬಾಗಿಲ ಮುಂದಿನ ಮರದ ಸೇತುವೆಯಲ್ಲಿ ಮೂರನೆಯ ಹಲಗೆ ಮುರಿಯುತ್ತದೆ. ಅದರ ಹತ್ತಿರ ಬರುತ್ತಲೇ ನನ್ನ ಕೈ ತಾನಾಗಿ ಸೈನಿಕನನ್ನು ಹಾರಿಸಿತು. ನಯಾಜನ ಬೆರಳುಗಳು ನನ್ನ ಅಂಗೈಯಲ್ಲಿ ಅಲುಗಾಡದೆ ಕೂತಿದ್ದವು.

“ನಾನಿನ್ನೂ ಒತ್ತೇ ಇಲ್ವಲ್ಲೋ,” ಎಂದ ಅವನು ಮೆಲ್ಲಗೆ. “ಅಲ್ಲಿ ಹಲಗೆ ಮುರಿಯುತ್ತೆ ಅಂತ ಹೆಂಗ್ ಗೊತ್ತಾಯ್ತು ನಿಂಗೆ?”

ತರಗತಿಯಲ್ಲಿ ಎಷ್ಟೋ ನೆಪಗಳನ್ನು ಕೇಳಿ ಪಳಗಿದವನಿಗೆ ಒಂದೂ ಹೊಳೆಯಲಿಲ್ಲ. ಎಲ್ಲವನ್ನೂ ಹೇಳಿದೆ. ಅವನು ಕೈ ಬಿಡಿಸಿಕೊಂಡು ಸೀಟಿನ ಅಂಚಿನಲ್ಲಿ ಎದ್ದಿದ್ದ ದಾರವನ್ನು ಎಳೆಯುತ್ತ ಕೂತ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಮೌಸ್ ಯಾರ್ ಹಿಡ್ಕೊಂಡಿದ್ರು?”

“ಮಂಜುನಾಥ.”

“ಮಾಲೂರ್ ಮಂಜುನಾಥ? ಸೈಕಲ್ ಹ್ಯಾಂಡಲ್ಲೇ ನೆಟ್ಟಗೆ ಹಿಡಿಯಕ್ ಬರ್ತಿರ್ಲಿಲ್ವಲ್ಲೋ ಅವನಿಗೆ!” ಎಂದವನು, ಕೈಯಲ್ಲಿದ್ದ ದಾರವನ್ನು ಕಿತ್ತು, “ಏಳಿ ಮೇಷ್ಟ್ರೇ. ನೀವು ನೋಡಾಗಿದೆಯಲ್ಲ” ಎಂದ. ಬೈದಿದ್ದರೆ ವಾಸಿಯಿತ್ತು.

ಎದ್ದೆ. ಅವನು ಮನೆಮಾತಾದ ದಖ್ನಿಯಲ್ಲಿ ಹೆಂಡತಿಯನ್ನು ಕರೆದು ನನ್ನ ಜಾಗದಲ್ಲಿ ಕೂರಿಸಿದ. ಆಕೆಗೆ ಕೀಬೋರ್ಡಿನ ಕೀಲಿಗಳನ್ನು ತೋರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕಿಂತ ಕಠಿಣ ಶಿಕ್ಷೆ ಯಾವ ನ್ಯಾಯಾಲಯವೂ ಕೊಡಲಾರದು. ಷಾಹಿದಾ ಆ ಸೈನಿಕನನ್ನು ಎಷ್ಟು ಸಲ ಹಳ್ಳಕ್ಕೆ ಕೆಡವಿದರೋ ಲೆಕ್ಕವಿಲ್ಲ. “ಇವ್ನಿಗೇನ್ ಕಣ್ ಕಾಣ್ಸಲ್ವಾ?” ಎಂದು ಸೈನಿಕನನ್ನೇ ಗದರಿ, ಹೊಲಿಗೆ ಬಿಚ್ಚಿ ಮತ್ತೆ ಹಾಕುವ ತಾಳ್ಮೆಯಲ್ಲಿ ಮತ್ತೆ ಮತ್ತೆ ನಡೆಸಿದರು. ನಾನು ಫೋಮಿನ ರಾಶಿಗೆ ಒರಗಿ ನಿಂತು ಎರಡು ಬಸ್ಸು ತಪ್ಪಿಸಿಕೊಂಡೆ. ಹೊರಟುಬಿಡಬಹುದಿತ್ತು. ಆದರೆ ಆ ಮನುಷ್ಯ ಇಷ್ಟು ವರ್ಷ ಕಿವಿ ಮುಚ್ಚಿಕೊಂಡು ಕಾದದ್ದನ್ನು ಕಾಣುವ ಹೊತ್ತಿಗೆ, ಹಿಂದೆಯಾದರೂ ಸರಿ, ನಾನು ಅಲ್ಲಿರಬೇಕಿತ್ತು.

ಹೆಬ್ಬಾಗಿಲು ತೆರೆಯಿತು. ಕಣ್ಣು ಕುಕ್ಕುವ ಬಿಳಿ ಬೆಳಕು ಬಂತು. ತಮ್ಮನೂ ಇಲ್ಲ, ಯಾರೂ ಇಲ್ಲ. ಬೆಳಕಿನ ಮೇಲೆ ಆಟ ಮಾಡಿದವರ ಹೆಸರುಗಳು ಸಾಲುಸಾಲಾಗಿ ಮೇಲಕ್ಕೆ ಹೋದವು. ಅಷ್ಟೇ ಅದು.

“ಇಷ್ಟೇನಾ?” ಎಂದ ನಯಾಜ್. ಷಾಹಿದಾ ಎದ್ದು ಮಿಷನ್ನಿಗೆ ಹಿಂತಿರುಗಿದರು. ಅವನು ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದ. “ಲೇ, ಇದಕ್ಕಾ ನೀನು ನಂಗೆ ಸುಳ್ಳು ಹೇಳಿದ್ದು?”

“ಆವತ್ತು ನಾನೂ ‘ಇಷ್ಟೇನಾ’ ಅಂತ ಕೇಳಕ್ಕೆ ನಿನ್ ಕಡೆ ತಿರುಗಿದೆ ಕಣೋ. ನೋಡಿದ್ರೆ ಅಲ್ಲಿ ಮಂಜುನಾಥ ಕೂತಿದ್ದ,” ಎಂದೆ.

ಪರದೆಯ ಮೇಲಿನ ಹೆಸರುಗಳು ಮುಗಿದವು. ನಯಾಜ್ ಮೌಸನ್ನು ಬದಿಗಿಟ್ಟು, ಸೀಟಿನ ಎಡಭಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದ.

“ಬಾ, ಕೂತ್ಕೋ. ಎರಡನೇದು ಬಂದಾಗ ಕೀಬೋರ್ಡು ನಿಂದೇ. ಆ ಮಂಜುನಾಥನ್ನ ಮಾತ್ರ ಕರೀಬೇಡ.”